ಮಾವಶಿಯ ಊರಿನ ಬಸ್ಸು

ಪಿಕ್ಚರ್ ನೋಡಿ ಅಳುವ ಹೆಂಗಸು ನಾನಲ್ಲ. ಪಿಕ್ಚರಿನಲ್ಲಿ ಸತ್ತವರು ಸಂಜೆ ಎದ್ದು ಮನೆಗೆ ಹೋಗಿ ಚಹಾ ಕುಡಿಯುತ್ತಾರೆ. ಅವರಿಗಾಗಿ ನಾನು ಯಾಕೆ ಸೆರಗು ಒದ್ದೆ ಮಾಡಿಕೊಳ್ಳಲಿ? ಆದರೂ ಒಂದು ಪಿಕ್ಚರ್ ನನ್ನನ್ನು ಸುಳ್ಳುಬುರುಕಿ ಮಾಡಿತು. ಚಾಳಿನ ಅರ್ಧ ಜನರ ಎದುರು, ಹಾಡುಹಗಲಲ್ಲಿ, ಒಂದರ ಮೇಲೊಂದು ಸುಳ್ಳು ಹೇಳಿಸಿತು. ಅದರ ಬಗ್ಗೆ ನನಗೆ ಆಗಲೂ ಪಶ್ಚಾತ್ತಾಪ ಇರಲಿಲ್ಲ, ಈಗಲೂ ಇಲ್ಲ.

ನಾವು ಆಗ ಕುರ್ಲಾದ ಒಂದು ಚಾಳಿನಲ್ಲಿದ್ದೆವು, ಸಾಲಾಗಿ ಒಂದೊಂದೇ ಕೋಣೆಯ ಖೋಲಿಗಳಿದ್ದ ಮಹಡಿ ಕಟ್ಟಡ. ಎಂಬತ್ತರ ದಶಕದ ನಡು ಇರಬೇಕು. ಗಂಡ ಚೆಂಬೂರಿನ ಕಡೆ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕೆಲಸಕ್ಕಿದ್ದ. ನಾನು ಖೋಲಿಯಲ್ಲೇ ಜೋಳದ ರೊಟ್ಟಿ ಬಡಿದು, ನಮ್ಮ ಕಡೆಯಿಂದ ದುಡಿಯಲು ಬಂದು ಒಂಟಿಯಾಗಿದ್ದ ಗಂಡಸರಿಗೆ ಡಬ್ಬಿ ಕಟ್ಟುತ್ತಿದ್ದೆ. ಚಾಳಿನ ಹಿಂದೆಯೇ ರೈಲು ಹಳಿ. ಲೋಕಲ್ ಹೋದಾಗಲೆಲ್ಲ ಗೋಡೆಯ ಮೇಲಿನ ಸೌಟುಗಳು ತಾಳ ಹಾಕುತ್ತಿದ್ದವು. ಮಾತಿನ ನಡುವೆ ರೈಲು ಬಂದರೆ ನಾವು ಬಾಯಿ ತೆರೆದುಕೊಂಡೇ ನಿಲ್ಲುತ್ತಿದ್ದೆವು, ಅದು ಹೋದ ಮೇಲೆ ಉಳಿದರ್ಧ ಹೇಳುತ್ತಿದ್ದೆವು.

ಪಕ್ಕದ ಖೋಲಿಯವಳು ಮರಾಠಿಯವಳು. ಅವಳ ನನ್ನ ಗೆಳೆತನ ಹೇಗೆ ಶುರುವಾಯಿತು ಎಂದು ಮೊದಲು ಹೇಳಬೇಕು. ಮುಂದಿನದ್ದಕ್ಕೆ ಅದು ಬೇಕಾಗುತ್ತದೆ.

ನಾನು ಮದುವೆಯಾಗಿ ಗುಲಬರ್ಗಾ ಕಡೆಯಿಂದ ಬಂದು ಇನ್ನೂ ಇಪ್ಪತ್ತು ದಿನ ಆಗಿರಲಿಲ್ಲ. ಮರಾಠಿಯಲ್ಲಿ ನಾಲ್ಕೈದು ಶಬ್ದ ಕಲಿತಿದ್ದೆ. ಒಂದು ಬೆಳಿಗ್ಗೆ ಅವಳು ಕಣ್ಣು ಕೆಂಪು ಮಾಡಿಕೊಂಡು ನಮ್ಮ ಬಾಗಿಲಿಗೆ ಬಂದು, "ಸಾಸೂ ಗೇಲಿ," ಎಂದಳು. ಸಾಸೂ ಎಂದರೆ ಅತ್ತೆ ಎಂದು ಗೊತ್ತಿತ್ತು. ಗೇಲಿ ಎಂದರೆ ನಮ್ಮಲ್ಲಿ ಹಂಗಿಸಿ ನಗುವುದು. ಪಾಪ, ಅತ್ತೆ ಏನೋ ಗೇಲಿ ಮಾಡಿದ್ದಾಳೆ, ಇವಳು ಮನಸ್ಸಿಗೆ ಹಚ್ಚಿಕೊಂಡಿದ್ದಾಳೆ ಎಂದುಕೊಂಡೆ. ಕೈ ಹಿಡಿದು ಕೂಡಿಸಿ ನನಗೆ ಬಂದಷ್ಟು ಮರಾಠಿಯಲ್ಲಿ ಸಮಾಧಾನ ಹೇಳಿದೆ. "ಮಾಝೀ ಸಾಸೂ ಪಣ. ರೋಜ್ ಗೇಲಿ." ನನ್ನ ಅತ್ತೆಯೂ ದಿನಾ ಗೇಲಿ ಮಾಡುತ್ತಾಳೆ ಎಂದು.

ಮರಾಠಿಯಲ್ಲಿ ಗೇಲಿ ಎಂದರೆ ಹೋದಳು. ಹೋದಳು ಎಂದರೆ ಊರಿಗೂ ಆಗಬಹುದು, ಮೇಲಕ್ಕೂ ಆಗಬಹುದು. ಅವಳ ಅತ್ತೆ ಅವತ್ತು ನಸುಕಿನಲ್ಲಿ ತೀರಿಕೊಂಡಿದ್ದಳು. ನನ್ನ ಅತ್ತೆ ದಿನಾ ಸಾಯುತ್ತಾಳೆ ಎಂದು ನಾನು ಹೇಳಿದ ಹಾಗಾಯಿತು. ಅವಳು ನನ್ನ ಮುಖ ನೋಡಿದಳು. ಒಳಗೆ ಒಲೆಯ ಹತ್ತಿರ ಕೂತು ನನ್ನ ಅತ್ತೆ ಗಟ್ಟಿಯಾಗಿ ಕೆಮ್ಮಿದಳು. ಅಷ್ಟೇ. ಪಕ್ಕದವಳು ಸೆರಗನ್ನು ಬಾಯಿಗೆ ತುರುಕಿಕೊಂಡು ಬಾಗಿ ಬಾಗಿ ನಕ್ಕಳು. ಹೊರಗೆ ಓಡಾಡುವವರು, ಅಯ್ಯೋ, ಅತ್ತೆಗಾಗಿ ಇಷ್ಟು ಅಳುವ ಸೊಸೆಯನ್ನು ನೋಡಿರಲಿಲ್ಲ ಎಂದರು. ಆಮೇಲೆ ಮರಾಠಿ ಕಲಿಸಿದ್ದು ಅವಳೇ. ಹೊಸ ಶಬ್ದ ಬಂದಾಗಲೆಲ್ಲ, "ಹ್ಯಾಚಾ ಅರ್ಥ ಆಧೀ ವಿಚಾರ್," ಎನ್ನುತ್ತಿದ್ದಳು. ಅರ್ಥ ಮೊದಲು ಕೇಳು ಎಂದು.

ನಮಗಿಬ್ಬರಿಗೂ ಎರಡು ತಿಂಗಳ ಅಂತರದಲ್ಲಿ ಹೆಣ್ಣು ಹುಟ್ಟಿದವು. ನನ್ನದು ಗುಂಡಗೆ, ಮಾತು ಕಡಿಮೆ, ಹೇಳಿದ್ದು ಕೇಳುವ ಜಾತಿ. ಅವಳದ್ದು ಕಡ್ಡಿಯ ಹಾಗೆ ಇತ್ತು, ಆದರೆ ಬಾಯಿ ಮಾತ್ರ ಇಡೀ ಚಾಳಿಗೆ ಸಾಕಾಗುವಷ್ಟು. ಆ ಕಡ್ಡಿ ಹೇಳುವುದು, ಈ ಗುಂಡಿ ಮಾಡುವುದು. ಬೆಳಿಗ್ಗೆ ಅಂಗಳದ ನಲ್ಲಿಗೆ ನೀರು ಬಂದಾಗ ಇಬ್ಬರೂ ಸೇರಿ ಒಂದು ಬಕೀಟು ಹೊರುತ್ತಿದ್ದರು. ಹಿಡಿಕೆಗೆ ಇಬ್ಬರ ಕೈ. ಒಬ್ಬಳು ಬೇಗ ನಡೆಯುವಳು, ಒಬ್ಬಳು ನಿಧಾನ. ಖೋಲಿ ಮುಟ್ಟುವಾಗ ಅರ್ಧ ನೀರು ಮೆಟ್ಟಿಲ ಮೇಲೆ, ಉಳಿದದ್ದರಲ್ಲಿ ಅರ್ಧ ಫ್ರಾಕಿನ ಮೇಲೆ.

"ನಿಮ್ಮನ್ನೇ ಹಿಂಡಿ ಡ್ರಮ್ಮಿಗೆ ಹಾಕಬೇಕು ನೋಡ್ರಿ," ಎಂದು ನಾನು ಬೈಯುತ್ತಿದ್ದೆ.

"ಕಾಕೂ, ಆಮ್ಹೀ ಜಿನಾ ಧುತಲಾ," ಎನ್ನುತ್ತಿದ್ದಳು ಕಡ್ಡಿ. ಮೆಟ್ಟಿಲು ತೊಳೆದೆವು, ಅದಕ್ಕೇನು ಎಂದು.

ನನ್ನ ಮಗಳು ನಾನು ಕನ್ನಡದಲ್ಲಿ ಬೈದರೆ ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದಳು. ಕನ್ನಡ ತಿಳಿಯುತ್ತಿತ್ತೋ ಇಲ್ಲವೋ, ನಾಲಿಗೆ ಮಾತ್ರ ತಿರುಗುತ್ತಿರಲಿಲ್ಲ. ಎಷ್ಟು ತಿಳಿಯುತ್ತದೆ ಎಂದು ನಾನೂ ಅಳೆದು ನೋಡಿರಲಿಲ್ಲ.

ಎಂಟು ವರ್ಷ ತುಂಬುವ ಹೊತ್ತಿಗೆ ಕಡ್ಡಿ ಎರಡು ಮೆಟ್ಟಿಲು ಹತ್ತಿದರೆ ನಿಂತು ಉಸಿರು ಎಳೆಯತೊಡಗಿದಳು. ತುಟಿ ನೇರಳೆ ಹಣ್ಣು ತಿಂದ ಹಾಗೆ. ದೊಡ್ಡ ಆಸ್ಪತ್ರೆಗೆ ಒಯ್ದರು. ಹೃದಯದಲ್ಲಿ ಹುಟ್ಟಿನಿಂದಲೇ ತೂತಿದೆ, ತೆರೆದು ಹೊಲಿಯಬೇಕು ಎಂದರು. ಆಪರೇಷನ್ನಿಗೆ ಒಂದು ಬುಧವಾರ ಗೊತ್ತಾಯಿತು. ಅದಕ್ಕೆ ಎಂಟು ದಿನ ಮುಂಚೆಯೇ ಭರ್ತಿ ಮಾಡಿಕೊಂಡರು. ಅವಳ ತಾಯಿ ಅಲ್ಲೇ ಮಂಚದ ಕೆಳಗೆ ಮಲಗತೊಡಗಿದಳು.

ಇಲ್ಲಿ ನನ್ನ ಮಗಳು ಊಟ ಬಿಟ್ಟಳು. ಪೂರ್ತಿ ಬಿಡಲಿಲ್ಲ, ರೊಟ್ಟಿಯ ಅಂಚು ಕಿತ್ತು ಕಿತ್ತು ತಾಟಿನಲ್ಲಿ ಗುಡ್ಡೆ ಹಾಕುವುದು. ಮೇಲಿನ ಮಹಡಿಯ ಆಜಿ ಅದಕ್ಕೆ ಕಾರಣ. ಆ ಮುದುಕಿ ಅರ್ಧ ಕುರುಡಿ, ಪೂರ್ತಿ ಬಾಯಿಬಡುಕಿ. ಮಗುವನ್ನು ತೊಡೆಯ ಮೇಲೆ ಕೂಡಿಸಿಕೊಂಡು, ಎದೆ ಸೀಳಿದ ಮೇಲೆ ಎಲ್ಲ ದೇವರ ಕೈಯಲ್ಲಿ, ನನ್ನ ಅಣ್ಣನ ಮಗನೂ ಹಾಗೇ ಹೋದ ಎಂದು ಹೇಳಿದ್ದಳು. ಮಗಳು ಬಂದು ನನ್ನನ್ನು ಕೇಳಿದಳು, "ಅವ್ವ, ವೋ ಆಯೇಗೀ ನಾ?"

"ಬರದ ಎಲ್ಲಿಗೆ ಹೋಗ್ತಾಳ? ಅಕೀ ಚಪ್ಪಲಿ ಇಲ್ಲೇ ಅದಾವಲ್ಲ," ಎಂದೆ.

ನನಗೆ ತಿಳಿದ ಉತ್ತರ ಅಷ್ಟೇ. ಮಗಳು ಅದನ್ನು ನಂಬಲಿಲ್ಲ. ಕೆಳಗಿನ ದರ್ಜಿಯ ಹತ್ತಿರ ಹೋಗಿ ಕೂತಳು.

ದರ್ಜಿ ಬಿಜಾಪುರ ಕಡೆಯ ಸಾಬರು. ಚಾಳಿನಲ್ಲಿ ಕನ್ನಡ ಗೊತ್ತಿದ್ದದ್ದು ಅವರಿಗೆ ಮತ್ತು ನಮಗೆ, ಎರಡೇ ಮನೆ. ಅವರು ಮಿಶಿನ್ನು ತುಳಿಯುತ್ತಲೇ ಮಗಳಿಗೆ ಹೇಳಿದರು, "ನೋಡ್ ಬೇಟಿ, ಹೊಲಿಗಿ ಬಿಟ್ಟ ಅಂಗಿ ನಾ ಬಿಚ್ಚತೀನಿ, ಫಿರ್ ಡಬಲ್ ಹೊಲೀತೀನಿ. ಮೊದಲಿನಕಿಂತ ಗಟ್ಟಿ ಆಗ್ತದ ಕಿ ನಹೀ?" ಮಗಳು ತಲೆಯಾಡಿಸಿದಳು. ಅವತ್ತು ಅರ್ಧ ರೊಟ್ಟಿ ಹೆಚ್ಚು ತಿಂದಳು. ಮರುದಿನ ಮತ್ತೆ ಗುಡ್ಡೆ.

ಹೀಗಿರುವಾಗ ಆ ಭಾನುವಾರ ಬಂತು, ಆಪರೇಷನ್ನಿಗೆ ಮೂರು ದಿನ ಇರುವಾಗ.

ಟಿವಿ ಇದ್ದದ್ದು ದರ್ಜಿಯ ಮನೆಯಲ್ಲಿ. ಕಪ್ಪು ಬಿಳುಪಿನದು, ಮೇಲೆ ಕಸೂತಿಯ ಹೊದಿಕೆ. ಭಾನುವಾರ ಮಧ್ಯಾಹ್ನ ಒಂದೊಂದು ವಾರ ಒಂದೊಂದು ರಾಜ್ಯದ ಪಿಕ್ಚರ್ ಹಾಕುತ್ತಿದ್ದರು. ಬಹುಮಾನ ಬಂದ ಪಿಕ್ಚರುಗಳು. ಬಹುಮಾನ ಬಂದದ್ದು ಎಂದರೆ ಎತ್ತಿನ ಗಾಡಿ ಒಂದು ಕಡೆಯಿಂದ ಹೊರಟರೆ ಇನ್ನೊಂದು ಕಡೆ ಮುಟ್ಟುವುದರೊಳಗೆ ನೀವು ಒಂದು ಸೇರು ಅಕ್ಕಿ ಆರಿಸಿ ಮುಗಿಸಬಹುದು. ಯಾವ ಭಾಷೆಯೋ ಏನೋ, ಯಾರು ಯಾರಿಗೆ ಏನಾಗಬೇಕು ಎಂದು ನಮ್ಮಲ್ಲಿ ಕೊನೆಯವರೆಗೂ ಜಗಳ ನಡೆಯುತ್ತಿತ್ತು. ಕೆಳಗೆ ಇಂಗ್ಲಿಷ್ ಅಕ್ಷರ ಇರುವೆ ಸಾಲಿನ ಹಾಗೆ ಓಡುತ್ತಿತ್ತು, ಅದನ್ನು ಓದುವವರು ಚಾಳಿನಲ್ಲಿ ಯಾರೂ ಇರಲಿಲ್ಲ. ಆದರೂ ಜನ ಬರುತ್ತಿದ್ದರು. ಭಾನುವಾರ, ಫ್ಯಾನಿನ ಗಾಳಿ, ಶೇಂಗಾ. ಇನ್ನೇನು ಬೇಕು?

ಆ ದಿನ ದರ್ಜಿ ಅಂಗಳದಲ್ಲಿ ನಿಂತು ಕೂಗಿದರು, "ಅಕ್ಕಾ, ಇವತ್ತ ನಮ್ದ ಐತಿ ನೋಡ್ರಿ. ಕನ್ನಡ."

ಚಾಳಿಗೆ ಚಾಳೇ ಬಂತು. ಇಷ್ಟು ದಿನಕ್ಕೆ ಅರ್ಥ ಹೇಳುವವರು ಸಿಕ್ಕಿದ್ದರಲ್ಲ. ನನ್ನನ್ನು ಟಿವಿಯ ಪಕ್ಕ, ಹೊಲಿಯುವ ಮಿಶಿನ್ನಿನ ಸ್ಟೂಲಿನ ಮೇಲೆ ಕೂಡಿಸಿದರು. ನಾನು ಜನರ ಕಡೆ ಅರ್ಧ, ಟಿವಿಯ ಕಡೆ ಅರ್ಧ ಮುಖ ಮಾಡಿಕೊಂಡು ಕೂತೆ. ಮುಂದೆ ಆಜಿ, ಅವಳ ಮೊಣಕಾಲಿಗೆ ಒರಗಿ ನನ್ನ ಮಗಳು. ನನ್ನ ಗಂಡ ಪಾಳಿಗೆ ಹೋಗಿದ್ದ, ಅತ್ತೆ ಊರಿನಲ್ಲಿದ್ದಳು. ದರ್ಜಿ ಬಾಗಿಲಲ್ಲಿ ಕೂತು ಯಾರದೋ ಪ್ಯಾಂಟಿಗೆ ಕೈಹೊಲಿಗೆ ಹಾಕುತ್ತಿದ್ದರು.

ಒಂದು ಮಾತು ಒಪ್ಪಿಕೊಳ್ಳಬೇಕು. ಅದು ನಮ್ಮ ಕಡೆಯ ಕನ್ನಡ ಆಗಿರಲಿಲ್ಲ, ಮೈಸೂರು ಕಡೆಯದು. ಕಾಲು ಭಾಗ ನನಗೇ ಹತ್ತಲಿಲ್ಲ. ಹತ್ತದ ಕಡೆ ನಾನೇ ಏನೋ ಸೇರಿಸುತ್ತಿದ್ದೆ. ಯಾರೋ ಒಬ್ಬ ಗಂಡಸು ದೊಡ್ಡ ಭಾಷಣ ಮಾಡಿದ. "ಅವನಿಗೆ ಹಸಿವಾಗಿದೆ," ಎಂದೆ. ಎಲ್ಲರೂ ತಲೆಯಾಡಿಸಿದರು.

ಪಿಕ್ಚರಿನಲ್ಲಿ ಇಬ್ಬರು ಹುಡುಗಿಯರು. ಬಾವಿ ಊರಿನಿಂದ ದೂರ. ಇಬ್ಬರೂ ಒಂದು ಬಿದಿರಿನ ಗಳದ ನಡುವೆ ಕೊಡ ತೂಗುಹಾಕಿ, ಒಂದು ತುದಿ ಒಬ್ಬಳ ಹೆಗಲಿಗೆ, ಇನ್ನೊಂದು ತುದಿ ಇನ್ನೊಬ್ಬಳ ಹೆಗಲಿಗೆ ಇಟ್ಟುಕೊಂಡು ನೀರು ತರುತ್ತಾರೆ. ದಾರಿಯುದ್ದಕ್ಕೂ ಹರಟೆ, ಜಗಳ, ಹುಣಸೇಕಾಯಿ. ಮುಂದೆ ನಡೆಯುವವಳು ನಿಶ್ಶಕ್ತಿಯವಳು, ಆಗಾಗ ಕೆಮ್ಮುತ್ತಾಳೆ. ಹಿಂದಿನವಳು ಏನು ಮಾಡುತ್ತಾಳೆಂದರೆ, ಮುಂದಿನವಳಿಗೆ ಕಾಣದ ಹಾಗೆ ಕೊಡದ ಹಗ್ಗವನ್ನು ಮೆಲ್ಲಗೆ ತನ್ನ ಕಡೆಗೆ ಸರಿಸಿಕೊಳ್ಳುತ್ತಾಳೆ. ಭಾರ ಇವಳ ಕಡೆಗೆ ಬರುತ್ತದೆ. ಮುಂದಿನವಳು, ನೋಡು ನಾನು ಎಷ್ಟು ಹೊರುತ್ತೇನೆ ಎಂದು ಜಂಬ ಕೊಚ್ಚುತ್ತಾಳೆ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕೈ ಅಷ್ಟೇ ತೋರಿಸಿದರು. ನಾನೂ ಅರ್ಥ ಹೇಳಲಿಲ್ಲ, ಹೇಳುವುದೇನಿತ್ತು? ಖೋಲಿಯ ಹೆಂಗಸರೆಲ್ಲ ನೀರು ಹೊತ್ತವರೇ.

ಬಹುಮಾನದ ಪಿಕ್ಚರಿನಲ್ಲಿ ಕೆಮ್ಮುವ ಹುಡುಗಿ ಬದುಕುವುದಿಲ್ಲ. ಇದು ನನಗೆ ಮುಂಚೆಯೇ ಹೊಳೆಯಬೇಕಿತ್ತು. ಮುಂದೆ ನನ್ನ ಮಗಳು ಮೊಣಕಾಲಿಗೆ ಗಲ್ಲ ಊರಿ, ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಎಬ್ಬಿಸಿ ಹೊರಗೆ ಕಳಿಸೋಣವೆಂದರೆ ಬಾಗಿಲವರೆಗೆ ಮೂರು ಸಾಲು ಜನ.

ಹುಡುಗಿ ಹಾಸಿಗೆ ಹಿಡಿದಳು. ವೈದ್ಯ ಬಂದ, ಕೈ ಹಿಡಿದು ನೋಡಿದ, ಮಾತಾಡದೆ ಹೊರಗೆ ಹೋದ. ಒಲೆಯ ಮೇಲೆ ಗಂಜಿ ಉಕ್ಕಿತು, ಇಳಿಸುವವರಿಲ್ಲ. ಆಮೇಲೆ ಗೋಡೆಗೆ ಒರಗಿಸಿಟ್ಟ ಬಿದಿರಿನ ಗಳ. ಅದನ್ನೇ ಬಹಳ ಹೊತ್ತು ತೋರಿಸಿದರು. ಅಪ್ಪ ಜಗಲಿಗೆ ಬಂದು ಯಾರಿಗೋ ಹೇಳಿದ, "ಮಗು ಹೋಯ್ತು."

ನನ್ನ ಬಾಯಿ ಅಷ್ಟು ಹೊತ್ತೂ ಅವರು ಅಂದದ್ದನ್ನು ತಿರುಗಿಸಿ ತಿರುಗಿಸಿ ಹೇಳಿ ರೂಢಿಯಾಗಿತ್ತು. ನಾನು ತಡೆಯುವ ಮೊದಲೇ ಅದು ಹೇಳಿಬಿಟ್ಟಿತು.

"ಗೇಲಿ."

ಶೇಂಗಾ ಒಡೆಯುವ ಸದ್ದು ನಿಂತಿತು. ಆಜಿಯ ಕೈ ಎದೆಗೆ ಹೋಯಿತು. ನನ್ನ ಮಗಳು ಟಿವಿ ಬಿಟ್ಟು ನನ್ನ ಕಡೆ ತಿರುಗಿದಳು.

"ಕುಠೇ?" ಎಂದಳು. ಎಲ್ಲಿಗೆ?

ಗೇಲಿ ಎಂದರೆ ಊರಿಗೂ ಆಗಬಹುದಲ್ಲ. ಆ ಮಗು ನನಗೆ ಬಾಗಿಲು ತೆರೆದುಕೊಟ್ಟಿತು, ನಾನು ನುಗ್ಗಿದೆ.

"ಮಾವಶೀಕಡೇ," ಎಂದೆ. "ಮಾವಶೀಕಡೇ ಗೇಲಿ." ಚಿಕ್ಕಮ್ಮನ ಮನೆಗೆ ಹೋದಳು.

ಜನ ಉಸಿರು ಬಿಟ್ಟರು. ಆಜಿ ಮಾತ್ರ ಸುಮ್ಮನಾಗುವವಳಲ್ಲ. "ಜ್ವರ ಇದ್ದ ಹುಡುಗಿಯನ್ನು ಮಾವಶಿಯ ಮನೆಗೆ ಕಳಿಸುತ್ತಾರಾ?" ಎಂದು ಮರಾಠಿಯಲ್ಲಿ ಕೇಳಿದಳು.

"ಅಲ್ಲಿ ಒಳ್ಳೆಯ ಡಾಕ್ಟರ್ ಇದ್ದಾನೆ ಆಜಿ."

"ಮತ್ತೆ ತಾಯಿ ಯಾಕೆ ನೆಲದ ಮೇಲೆ ಹೊರಳಾಡುತ್ತಿದ್ದಾಳೆ?"

ತಾಯಿ ನಿಜವಾಗಿಯೂ ಹೊರಳಾಡುತ್ತಿದ್ದಳು. ನಾನು ಯೋಚಿಸಿದೆ. "ಅವಳಿಗೂ ತಂಗಿಗೂ ಮಾತಿಲ್ಲ. ಅವಳ ಮನೆಗೆ ಮಗಳನ್ನು ಕಳಿಸಬೇಕಾಯಿತಲ್ಲ ಎಂದು."

ಇದು ಹೆಂಗಸರಿಗೆ ಕೂಡಲೇ ಒಪ್ಪಿಗೆಯಾಯಿತು. ತಂಗಿಯ ಜೊತೆ ಮಾತು ಬಿಟ್ಟವರು ಅಲ್ಲೇ ಇಬ್ಬರಿದ್ದರು. ಆದರೆ ಆಗಲೇ ಟಿವಿಯಲ್ಲಿ ಊರಿನ ಜನರೆಲ್ಲ ಬಂದು ಜಗಲಿಯ ಮೇಲೆ ತಲೆಗೆ ಕೈಕೊಟ್ಟು ಕೂರತೊಡಗಿದರು. ಹತ್ತು ಜನ, ಹದಿನೈದು ಜನ. ಯಾರೂ ಮಾತಾಡುವುದಿಲ್ಲ. ಸಿನಿಮಾದವನಿಗೆ ನನ್ನ ಮೇಲೆ ಏನು ಹಗೆಯಿತ್ತೋ.

"ಇವರೆಲ್ಲ ಯಾಕೆ ಕೂತಿದ್ದಾರೆ?" ಆಜಿ.

ಬಾಗಿಲ ಕಡೆ ನೋಡಿದೆ. ದರ್ಜಿ ಸೂಜಿ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ಅವರಿಗೆ ಪ್ರತಿಯೊಂದು ಮಾತೂ ತಿಳಿದಿತ್ತು. ನಮಾಜು ತಪ್ಪಿಸದ ಮನುಷ್ಯ, ಸುಳ್ಳು ಹೇಳಿದವರನ್ನು ಅಂಗಳದಲ್ಲೇ ನಿಲ್ಲಿಸಿ ಬೈಯುವವರು. ಇನ್ನು ಮುಗಿಯಿತು ಎಂದುಕೊಂಡೆ. ಅವರು ನನ್ನ ಮಗಳ ಜಡೆಯ ಕಡೆ ಒಂದು ಸಲ ನೋಡಿದರು. ಹಲ್ಲಿನಿಂದ ದಾರ ಕಡಿದರು.

"ಬಸ್ ಲೇಟ್ ಹೈ," ಎಂದರು.

"ಹಾಂ," ಎಂದೆ ನಾನು. "ಬಸ್ಸು ತಡವಾಗಿದೆ. ಹುಡುಗಿಯನ್ನು ಹತ್ತಿಸಲು ಬಂದವರು."

"ಉಸ್ ರೂಟ್ ಪೇ ದಿನ್ ಮೇಂ ಏಕಿಚ್ ಗಾಡೀ ಹೈ," ದಿನಕ್ಕೆ ಒಂದೇ ಬಸ್ಸು ಎಂದು ದರ್ಜಿ ಇನ್ನೂ ಒಂದು ಹೊಲಿಗೆ ಹಾಕಿದರು. "ಹಮಾರೇ ಗಾಂವ್ ಕೇ ಬಾಜೂ ಮೇಂಚ್ ಹೈ. ಮೇರೇಕೂ ಮಾಲೂಮ್." ತಮ್ಮ ಊರಿನ ಪಕ್ಕದ್ದೇ ಎಂದು.

ಆಜಿ ನಿಟ್ಟುಸಿರುಬಿಟ್ಟು, ತನ್ನ ಊರಿನ ಬಸ್ಸೂ ಹಾಗೇ, ಒಂದು ಸಲ ಮದುವೆಯ ದಿಬ್ಬಣವೇ ಮರದ ಕೆಳಗೆ ಕೂತು ಮುಹೂರ್ತ ತಪ್ಪಿತು ಎಂದು ಆ ಕಥೆ ಶುರುಮಾಡಿದಳು. ಎಲ್ಲರಿಗೂ ಒಂದೊಂದು ಬಸ್ಸಿನ ಕಥೆ ಇತ್ತು. ಟಿವಿಯಲ್ಲಿ ಜನ ಎದ್ದು, ಸಾಲಾಗಿ, ಊರ ಹೊರಗೆ ನಡೆದು ಹೋದರು. ಅಷ್ಟರಲ್ಲಿ ಹಿಂದಿನ ಹಳಿಯ ಮೇಲೆ ಲೋಕಲ್ ಬಂದು ಚಿತ್ರವೆಲ್ಲ ಅಡ್ಡ ಗೆರೆಯಾಯಿತು. ಆ ರೈಲಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ.

ಕೊನೆಗೆ ಉಳಿದ ಹುಡುಗಿ ಒಬ್ಬಳೇ ಬಾವಿಗೆ ಬರುತ್ತಾಳೆ. ಅದೇ ಗಳ, ಅದೇ ಕೊಡ. ನೀರು ತುಂಬಿ, ಗಳಕ್ಕೆ ಕಟ್ಟಿ, ಒಂದು ತುದಿ ಹೆಗಲಿಗೆ ಇಟ್ಟುಕೊಂಡು ಹೊರಡುತ್ತಾಳೆ. ಇನ್ನೊಂದು ತುದಿ ನೆಲದ ಮೇಲೆ ಎಳೆಯುತ್ತ ಬರುತ್ತದೆ. ಬಾವಿಯಿಂದ ಮನೆಯವರೆಗೆ ಮಣ್ಣಿನಲ್ಲಿ ಒಂದು ಗೆರೆ, ಅದರ ಪಕ್ಕ ಚೆಲ್ಲಿದ ನೀರು. ಅಲ್ಲಿಗೆ ಮುಗಿಯಿತು.

"ಹುಚ್ಚು ಹುಡುಗಿ," ಎಂದಳು ಆಜಿ. "ತಲೆಯ ಮೇಲೆ ಹೊತ್ತರೆ ಆಗುತ್ತಿರಲಿಲ್ಲವೇ?"

ಎಲ್ಲರೂ ನಕ್ಕರು. ನಾನು ಎದ್ದು ಉಡಿಯಲ್ಲಿದ್ದ ಶೇಂಗಾ ಸಿಪ್ಪೆ ಝಾಡಿಸಿದೆ.

ಅವತ್ತು ಸಂಜೆ ಚಾಳಿನಲ್ಲಿ ಎರಡು ಪಂಗಡ ಆದವು. ಒಂದು ಪಂಗಡ ಮಾವಶಿಯ ಮೇಲೆ ಸಿಟ್ಟಾಗಿತ್ತು. ಜ್ವರ ಬಿಟ್ಟ ಮೇಲಾದರೂ ಹುಡುಗಿಯನ್ನು ವಾಪಸು ಕಳಿಸಬೇಕಿತ್ತು, ಮನೆಗೆಲಸಕ್ಕೆ ಇಟ್ಟುಕೊಂಡಳು ಎಂದು ಅವರ ಅನುಮಾನ. ಇನ್ನೊಂದು ಪಂಗಡ ತಾಯಿಯದೇ ತಪ್ಪು ಎಂದಿತು. ನಾನು ರೊಟ್ಟಿಯ ಹಿಟ್ಟು ನಾದುತ್ತ ಕೇಳಿಸಿಕೊಂಡೆ. ನನ್ನ ಬಾಯಿಯಿಂದ ಹುಟ್ಟಿದ ಮಾವಶಿ, ಕೈ ಕಾಲು ಮೂಡಿ ಇಡೀ ಚಾಳಿನಲ್ಲಿ ಓಡಾಡುತ್ತಿದ್ದಳು. ದರ್ಜಿ ಮೆಟ್ಟಿಲ ಹತ್ತಿರ ಸಿಕ್ಕರು. "ಅಕ್ಕಾ, ನನಗ ಒಂದು ಸುಳ್ಳು ಹೇಳಿಸಿದ್ರಿ," ಎಂದರು.

"ಎರಡು," ಎಂದೆ. "ಆ ಊರು ನಿಮ್ಮ ಬಾಜೂಕ ಐತಿ ಅಂದ್ರಲ್ಲ."

"ಅದಕ್ಕ ತೌಬಾ ಮಾಡ್ಕೋತೀನಿ, ದೇವರ ಮಾಫಿ ಕೇಳ್ತೀನಿ. ಬಸ್ಸಿಂದು ಮಾಡ್ಕೊಳ್ಳೂದಿಲ್ಲ," ಎಂದು ನಗುತ್ತ ಹೋದರು.

ಆ ರಾತ್ರಿಯೂಟಕ್ಕೆ ಮಗಳು ಎರಡು ರೊಟ್ಟಿ ತಿಂದಳು. ತಾಟಿನಲ್ಲಿ ಗುಡ್ಡೆ ಇರಲಿಲ್ಲ. ಸುಳ್ಳು ಹತ್ತಿತು ಎಂದುಕೊಂಡೆ.

ಬುಧವಾರ ಬಂತು. ಆ ದಿನದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಹನ್ನೊಂದು ರೊಟ್ಟಿ ಸುಟ್ಟೆ, ಜೀವಮಾನದಲ್ಲಿ ಅಷ್ಟು ಸುಟ್ಟವಳಲ್ಲ. ಮಧ್ಯಾಹ್ನದ ಮೇಲೆ ಮೂಲೆಯ ಕಿರಾಣಿ ಅಂಗಡಿಯವನು ಫೋನ್ ಬಂದಿದೆ ಎಂದು ಹೇಳಿಕಳಿಸಿದ. ಕೈಗೆ ಹಿಟ್ಟು ಹತ್ತಿಕೊಂಡ ಹಾಗೇ ಓಡಿದೆ. ಮಗಳೂ ನನ್ನ ಹಿಂದೆ. ಫೋನಿನಲ್ಲಿ ಪಕ್ಕದವಳ ಧ್ವನಿ, ಅವಳು ಏನೋ ಹೇಳತೊಡಗಿದಳು, ಸರಿಯಾಗಿ ಆಗಲೇ ರೈಲು ಬಂತು. ಹನ್ನೆರಡು ಡಬ್ಬಿಯೂ ಒಂದೊಂದಾಗಿ ದಾಟಬೇಕೆ? ನಾನು ಒಂದು ಕಿವಿ ಮುಚ್ಚಿ ನಿಂತೆ. ಹಿಟ್ಟಿನ ಕೈ, ಕಿವಿಗೂ ಹಿಟ್ಟು. ಕೊನೆಯ ಡಬ್ಬಿ ದಾಟಿದಾಗ ಮಾತಿನ ಬಾಲ ಮಾತ್ರ ಸಿಕ್ಕಿತು.

"...ಆಲೀ."

ಆಲೀ ಎಂದರೆ ಬಂದಳು. ಎಚ್ಚರಕ್ಕೆ ಬಂದಳು ಎಂದು ಅವಳು ಹೇಳಿದ್ದು. ಎಚ್ಚರದ ಶಬ್ದ ನನಗೆ ಆಮೇಲೆ ತಿಳಿಯಿತು, ಆಗ ಬಂದಳು ಎನ್ನುವುದೊಂದೇ ಸಾಕಾಯಿತು. ಆಲೀ, ಆಲೀ ಎಂದು ನಾನು ಕೂಗಿದ್ದಕ್ಕೆ, "ಅರ್ಥ ಆಧೀ ವಿಚಾರ್," ಎಂದು ಅವಳು ಅತ್ತ ಕಡೆಯಿಂದ ಅಳುತ್ತಲೋ ನಗುತ್ತಲೋ ಹೇಳಿದಳು. ನಾನು ಮಗಳ ಕಡೆ ತಿರುಗಿ, "ಆಲೀ," ಎಂದೆ. ಅವಳು ಅಂಗಡಿಯ ಮುಂದೆ ಬಟಾಟೆ ಚೀಲದ ಮೇಲೆ ಕೂತುಬಿಟ್ಟಳು. ಅಂಗಡಿಯವನು ಎಬ್ಬಿಸಲಿಲ್ಲ.

ಮೂರು ವಾರದ ನಂತರ ಕಡ್ಡಿ ಟ್ಯಾಕ್ಸಿಯಿಂದ ಇಳಿದಳು. ತುಟಿ ಬಣ್ಣ ಬದಲಾಗಿತ್ತು, ನಮ್ಮ ನಿಮ್ಮ ಹಾಗೆ. ಹೊಲಿಗೆಗೆ ಎಳೆತ ಆಗಬಾರದೆಂದು ದರ್ಜಿ ಮುಂದೆ ಗುಂಡಿ ಇರುವ ಫ್ರಾಕ್ ಹೊಲಿದಿಟ್ಟಿದ್ದರು, ತಲೆಯ ಮೇಲಿಂದ ಹಾಕಬೇಕಿಲ್ಲ. ಮೊದಲು ಅದರ ಗುಂಡಿಗಳಲ್ಲೇ ಅವಳು ಹುಳುಕು ತೆಗೆದಳು, "ಇದು ಬಣ್ಣ ಬೇರೆ, ಇದು ಕುಂಟ," ಎಂದು. ಬಾಯಿಗೆ ಏನೂ ಆಗಿರಲಿಲ್ಲ. ಪಿಕ್ಚರಿನ ಕಥೆಯನ್ನು ಒಬ್ಬೊಬ್ಬರ ಬಾಯಿಂದ ಒಂದೊಂದು ತರಹ ಕೇಳಿ, "ಆ ಮಾವಶಿಗೆ ನಾನು ಕಾಗದ ಬರೀತೀನಿ," ಎಂದಳು.

ಆರು ತಿಂಗಳು ಭಾರ ಎತ್ತಬಾರದು ಎಂದು ಡಾಕ್ಟರ್ ಕಟ್ಟುನಿಟ್ಟು ಮಾಡಿದ್ದರು. ಮನೆಗೆ ಬಂದ ನಾಲ್ಕನೇ ದಿನಕ್ಕೇ ನಲ್ಲಿಯ ಹತ್ತಿರ ರಂಪ. ಎಲ್ಲರೂ ನೀರು ಹೊರುತ್ತಾರೆ, ನಾನೊಬ್ಬಳೇ ಮುದುಕಿಯ ಹಾಗೆ ಕೂರಬೇಕಾ ಎಂದು ಕಡ್ಡಿ ಕಾಲು ಅಪ್ಪಳಿಸಿದಳು. ಅವಳ ತಾಯಿ ಬೈದಳು, ನಾನೂ ಬೈದೆ. ನನ್ನ ಮಗಳು ದರ್ಜಿಯ ಅಂಗಡಿಗೆ ಹೋದಳು. ಬಟ್ಟೆಯ ಥಾನು ಸುತ್ತುವ ಉದ್ದನೆಯ ಕೋಲು ಹಿಡಿದುಕೊಂಡು ಬಂದಳು. ಬಕೀಟಿನ ಹಿಡಿಕೆಗೆ ಕೋಲು ತೂರಿಸಿ, "ನೀನು ಮುಂದೆ," ಎಂದಳು.

ಕಡ್ಡಿ ಮುಂದಿನ ತುದಿ ಹಿಡಿದಳು. ನನ್ನ ಮಗಳು ಹಿಂದೆ. ಎತ್ತುವ ಮೊದಲು ನನ್ನ ಮಗಳ ಕೈ ಮೆಲ್ಲಗೆ ಬಕೀಟಿನ ಹಿಡಿಕೆಯನ್ನು ಹಿಂದಕ್ಕೆ, ತನ್ನ ಹೊಟ್ಟೆಗೆ ತಾಗುವಷ್ಟು ಹತ್ತಿರಕ್ಕೆ ಎಳೆದುಕೊಂಡಿತು. ಮುಂದಿನವಳ ಪಾಲಿಗೆ ಉಳಿದದ್ದು ಬರೀ ಕೋಲು. ಎರಡು ಚೊಂಬಿನಷ್ಟು ನೀರಿದ್ದ ಬಕೀಟು. ನನ್ನ ಗುಂಡಿ ಕುಂಟುವ ಬಾತಿನ ಹಾಗೆ ಒಂದು ಕಡೆ ವಾಲಿಕೊಂಡು ನಡೆದಳು. ಮುಂದಿನವಳು ತಲೆ ಎತ್ತಿ, "ಬಾಜೂ, ಬಾಜೂ," ಎಂದು ದಾರಿ ಬಿಡಿಸಿಕೊಂಡು, "ನೋಡ್ರಿ ಕಾಕೂ, ನಾನೇ ಹೊರ್ತಿದೀನಿ," ಎಂದು ಮರಾಠಿಯಲ್ಲಿ ಇಡೀ ಅಂಗಳಕ್ಕೆ ಸಾರಿದಳು.

ನಾವಿಬ್ಬರು ತಾಯಂದಿರೂ ನೋಡಿದೆವು, ಬೈಯಲಿಲ್ಲ. ಮೇಲಿನ ಗ್ಯಾಲರಿಯಿಂದ ಆಜಿ ಕಣ್ಣು ಕಿರಿದು ಮಾಡಿ ಬಗ್ಗಿ ನೋಡಿದಳು. ಕೋಲು, ನಡುವೆ ನೀರು, ಎರಡು ಹುಡುಗಿಯರು.

"ಬಂದಳಾ?" ಎಂದು ಕೂಗಿದಳು. "ಮಾವಶಿಯ ಮನೆಯಿಂದ ಬಂದಳಾ ಅವಳು?"

"ಆಲೀ ಆಜಿ, ಆಲೀ," ಎಂದರು ದರ್ಜಿ ಕೆಳಗಿನಿಂದ. "ಬಸ್ ಮಿಲ್ ಗಯೀ."

ಆ ಕೋಲು ದರ್ಜಿಗೆ ವಾಪಸು ಹೋಗಲೇ ಇಲ್ಲ.

ತೊಂಬತ್ತರ ನಂತರ ಒಂದು ವರ್ಷ ಪಕ್ಕದವರು ದೂರದ ಕಡೆ, ಕಲ್ಯಾಣದ ಆಚೆ, ಸ್ವಂತ ಖೋಲಿ ಮಾಡಿಕೊಂಡು ಹೊರಟರು. ಹುಡುಗಿಯರಿಗೆ ಹದಿನಾಲ್ಕು ದಾಟಿತ್ತು. ಟೆಂಪೊದಲ್ಲಿ ಸಾಮಾನಿನ ಮೇಲೆ ಕೂತು ಕಡ್ಡಿ ಮೂಲೆ ತಿರುಗುವವರೆಗೂ ಏನೇನೋ ಕೂಗುತ್ತಲೇ ಇದ್ದಳು. ಈಗ ಕಡ್ಡಿ ಎನ್ನುವ ಹಾಗೂ ಇರಲಿಲ್ಲ, ಮೈ ಕೈ ತುಂಬಿಕೊಂಡಿದ್ದಳು. ಟೆಂಪೊ ಮರೆಯಾಯಿತು. ಬಾಗಿಲಲ್ಲಿ ನಾನು, ನನ್ನ ಮಗಳು.

"ಗೇಲಿ," ಎಂದೆ, ನನಗೆ ನಾನೇ.

"ಕುಠೇ?" ಎಂದಳು ಮಗಳು.

ನಾನು ಅವಳ ಮುಖ ನೋಡಿದೆ. ಅವಳು ತುಟಿ ಬಿಗಿಹಿಡಿದುಕೊಂಡಿದ್ದಳು, ನಗು ತಡೆಯುವಾಗ ಹಿಡಿಯುವ ಹಾಗೆ. "ನಿನಗ ಆವಾಗನ ಗೊತ್ತಿತ್ತೇನ?" ಎಂದೆ.

"ಹೋಯ್ತು ಅಂದ್ರ ತಿಳೀದಷ್ಟು ದಡ್ಡಿ ಇದ್ದೆನಾ?" ಎಂದಳು. ಕನ್ನಡದಲ್ಲೇ ಎಂದಳು, ಅಪರೂಪಕ್ಕೆ. "ನಾ ಕುಠೇ ಅಂತ ಕೇಳ್ಲಿಲ್ಲಂದ್ರ ನೀ ಏನ್ ಹೇಳ್ತಿದ್ದಿ? ಎಲ್ರೂ ಅಳ್ತಿದ್ರು. ಆಮ್ಯಾಲ ಎಲ್ರೂ ನನ್ನ ಮುಖ ನೋಡ್ತಿದ್ರು. ಅದಕ್ಕ ಕೇಳ್ದೆ."

"ಮತ್ತ ಎರಡು ರೊಟ್ಟಿ ತಿಂದೆಲ್ಲ?"

"ನೀನೂ ದರ್ಜಿ ಚಾಚಾನೂ ಇಷ್ಟೊಂದು ಸುಳ್ಳು ಹೇಳಾಕತ್ತಿದ್ರಿ. ಹಸಿವಾತು."

ಮುಂದಿನ ಭಾನುವಾರ ಹನ್ನೊಂದರ ಲೋಕಲ್‌ಗೆ ಆ ಹುಡುಗಿ ಬಂದಿಳಿದಳು. ಕಲ್ಯಾಣದ ಆಚೆ ನೀರು ಚೆನ್ನಾಗಿ ಬರುತ್ತದೆ, ಜನ ಮಾತ್ರ ಚೆನ್ನಾಗಿಲ್ಲ ಎಂದು ಬಾಗಿಲಲ್ಲೇ ಚಪ್ಪಲಿ ಬಿಡುತ್ತ ಶುರುಮಾಡಿದಳು. ನಾನು ತವೆ ಇಟ್ಟೆ. ಮೂರು ರೊಟ್ಟಿ ತಿಂದಳು, ನನ್ನ ಮಗಳ ತಾಟಿನಿಂದ ಇನ್ನರ್ಧ ಕಿತ್ತುಕೊಂಡಳು.